ಎಣಿಸಬಾರದ ಮೂವರು

ಕೆನ್ಯಾದ ನ್ಯೇರಿ ಊರಿನ ಲಸಿಕೆ ಕಚೇರಿಯಲ್ಲಿ ನ್ಯಾಕಿಯೊ ಪಾಲಿಗೆ ಆ ದಿನ ಬಿದ್ದ ಕೆಲಸ, ಹೇಳುವುದಕ್ಕೇನೋ ಸುಲಿದ ಬಾಳೆಹಣ್ಣು. ಕಂಪ್ಯೂಟರಿನಲ್ಲಿರುವ ದೇಶದ ನಲವತ್ತು ಲಕ್ಷ ಮಕ್ಕಳ ಪಟ್ಟಿಗೆ ಪ್ರೈಮರಿ ಕೀ, ಅಂದರೆ ಒಬ್ಬೊಬ್ಬರನ್ನೂ ಗುರುತಿಸುವ ಸಂಖ್ಯೆ, ಇರಲಿಲ್ಲ. ಒಂದೊಂದು ಮಗುವಿಗೂ ಬೇರೆ ಯಾರಿಗೂ ಇಲ್ಲದ ಸಂಖ್ಯೆ ಕೊಡಬೇಕು, ಒಂದು ಜಾಗವೂ ಖಾಲಿ ಉಳಿಯಬಾರದು. ಕೆಲಸ ಮುಗಿಯುವತನಕ ಯಾರೂ ಮುಟ್ಟದಂತೆ ಪಟ್ಟಿಗೆ ಬೀಗ ಹಾಕಿಕೊಂಡು ಕೂತರೆ ಊರೂರಿನ ಆಸ್ಪತ್ರೆಗಳಲ್ಲಿ ತಾಯಂದಿರು ಸಂಜೆತನಕ ಬಿಸಿಲಲ್ಲಿ ನಿಲ್ಲಬೇಕು. ಕಾಯುವವರ ಕಷ್ಟ ಕಚೇರಿಯವರಿಗೆ ತಿಳಿಯುವುದೇ ಅಪರೂಪ, ನ್ಯಾಕಿಯೊಗೆ ತಿಳಿದಿತ್ತು. ಅದಕ್ಕೇ ಪಟ್ಟಿಯನ್ನು ತೆರೆದೇ ಇಟ್ಟು ಸಾವಿರ ಸಾವಿರವಾಗಿ ಸಂಖ್ಯೆ ತುಂಬುತ್ತಿದ್ದಳು. ಎಲ್ಲ ತುಂಬಿದ ಮೇಲೆ ಬೀಗ ಬೀಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು.

"ಮಕ್ಕಳನ್ನ ಎಣಿಸ್ಬಾರ್ದು ಕಣಮ್ಮ," ಎಂದ ಚಹಾ ಹೀರುತ್ತಿದ್ದ ಹಳೇ ಗುಮಾಸ್ತ ಗಚೋಕಿ. "ನಮ್ಮಜ್ಜಿ ಹತ್ತು ಅಂತಾನೂ ಅಂತಿರ್ಲಿಲ್ಲ, ತುಂಬಿದ ಒಂಬತ್ತು ಅಂತಿದ್ಲು. ಎಣಿಸಿದ್ರೆ ಸಾವಿಗೆ ಕೇಳ್ಸುತ್ತೆ."

"ಸಾವಿಗೆ ಕೇಳ್ಸೋದಿರ್ಲಿ ಅಜ್ಜ, ನೀವು ಚಹಾ ಸೊರ್ ಅನ್ನಿಸೋದು ಕೆನ್ಯಾ ಬೆಟ್ಟಕ್ಕೇ ಕೇಳ್ಸ್ತಿದೆ."

ಮಧ್ಯಾಹ್ನಕ್ಕೆ ಮೂರು ಜಾಗ ಖಾಲಿ ಉಳಿದವು. ಮತ್ತೆ ತುಂಬಿಸಿದಳು, ಮತ್ತೆ ಮೂರು. ತೆಗೆದು ನೋಡಿದಳು. ಕಿಬುಚಿ, ವಾಕಾರಿಮಾ, ಗಥೋನಿ. ಮೂವರಿಗೂ ತಾಯಿಯ ಹೆಸರು ಅವಳದೇ.

ಗಥೋನಿಗೆ ನಾಲ್ಕು ವರ್ಷ, ಮನೆಯಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ. ಮೊದಲಿನ ಇಬ್ಬರು ಹುಟ್ಟಿ ವಾರ ತುಂಬುವ ಮುಂಚೆಯೇ ಹೋದವರು, ಯಾವ ಪಟ್ಟಿಗೂ ಸೇರಿದವರಲ್ಲ. ಆದರೂ ಅವರಿಬ್ಬರೂ ಈ ಪಟ್ಟಿಗೆ ಸೇರಿದ ವೇಳೆ ಪರದೆಯ ಮೇಲಿತ್ತು: ಇವತ್ತು ಬೆಳಿಗ್ಗೆ ಹತ್ತು ಗಂಟೆ. ಅವಳು ಕೆಲಸ ಶುರು ಮಾಡಿದ್ದೂ ಆಗಲೇ.

ನ್ಯಾಕಿಯೊ ಪರದೆಯನ್ನು ಗಚೋಕಿಯತ್ತ ತಿರುಗಿಸಿದಳು. "ಅಜ್ಜ, ಇವರನ್ನೂ ಎಣಿಸ್ಲಾ?"

ಗಚೋಕಿ ಪರದೆ ನೋಡಿ ಲೋಟ ಕೆಳಗಿಟ್ಟ. "ಇರೋಳನ್ನ ಹೋದೋರ ಜೊತೆ ಸೇರ್ಸಿ ಎಣಿಸ್ಬೇಡ, ಮಗಳೇ."

ಇರುವ ಒಬ್ಬಳಿಗೂ ಏನಾದರೂ ಆದರೆ? ಹೋದ ಇಬ್ಬರ ಹೆಸರನ್ನೂ ಅಳಿಸಿಬಿಟ್ಟಳು. ಆ ಕ್ಷಣವೇ ಗಥೋನಿಯ ಜಾಗದಲ್ಲಿ ಸಂಖ್ಯೆ ತಾನಾಗಿ ಬಂದು ಕೂತಿತು. ಬೀಗ ಬಿತ್ತು, ತೆರೆಯಿತು. ಎಲ್ಲೂ ಒಬ್ಬ ತಾಯಿಯೂ ಕಾಯಲಿಲ್ಲ.

ಫೋನ್ ಬಂತು, ಅವಳ ಅಮ್ಮನದು. "ಬೆಳಿಗ್ಗೆಯಿಂದ ಹಿತ್ತಲಲ್ಲಿ ಒಬ್ಬಳೇ ಕಿಲಕಿಲ ನಗ್ತಿದ್ಲು ಕಣೆ. ಈಗ ಇದ್ದಕ್ಕಿದ್ದಂಗೆ ಒಂದೇ ಅಳು. ತಗೋ, ನೀನೇ ಮಾತಾಡು."

ಗಥೋನಿ ಬಿಕ್ಕುತ್ತಿದ್ದಳು. "ಅಮ್ಮಾ, ಅಣ್ಣನೂ ಅಕ್ಕನೂ ನಿನ್ನ ಒಂದ್ಸಲ ನೋಡ್ಕೊಂಡು ಹೋಗ್ತೀವಿ, ಸಂಜೆತನಕ ಕಾಯ್ತೀವಿ ಅಂದಿದ್ರು. ಯಾಕಮ್ಮಾ ಓಡಿಸ್ದೆ?"