ಅತ್ತೆ ಬಾಗಿಲು ತೆಗೆಯಲಿಲ್ಲ

ನಮ್ಮತ್ತೆ ಫಹೀಮಾ ಅವರ ಕಾಲಲ್ಲಿ ಚಕ್ರ. ವಿಳಾಸ ತಪಾಸಣೆಗೆ ಸರ್ಕಾರದವರು ಎರಡು ಸಲ ಬಂದಾಗಲೂ ಇವರು ಪಕ್ಕದವರ ತಾರಸಿಯಲ್ಲಿ ಬದನೆಕಾಯಿ ಒಣಹಾಕುತ್ತಿದ್ದರು. ಈ ಸಲವೂ ಮನೆಯಲ್ಲಿ ಸಿಗದಿದ್ದರೆ ಅವರ ತಾತ್ಕಾಲಿಕ ಆಶ್ರಯದ ಕಾರ್ಡು ರದ್ದು. ಕಾರ್ಡು ಹೋದರೆ ಸಕ್ಕರೆ ಕಾಯಿಲೆಯ ಮಾತ್ರೆಯೂ ಇಲ್ಲ, ತುರ್ಕಿಯಲ್ಲಿ ಇರುವ ಹಕ್ಕೂ ಇಲ್ಲ. ಗಡಿಯಾಚೆ ಸಿರಿಯಾದ ಅಲೆಪ್ಪೊದಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ಈಗಿರುವುದು ಕಲ್ಲಿನ ಗುಡ್ಡೆ.

"ಇವತ್ತು ಹೊಸ್ತಿಲು ದಾಟಿದ್ರೆ ನೋಡಿ ಅತ್ತೆ!" ಎಂದು ಗದರಿಸಿ, ಮಾಂಸದ ತಟ್ಟೆ ಹೊತ್ತು ಬೀದಿಯ ರೊಟ್ಟಿ ಅಂಗಡಿಯ ಒಲೆಗೆ ಹೋದೆ. ಬೇಯಿಸಿಕೊಂಡು ಬರುವಷ್ಟರಲ್ಲಿ ಇಡೀ ಗಾಜಿಯಾಂತೆಪ್ ಊರೇ ನಮ್ಮ ಮನೆ ಮುಂದೆ ನೆರೆದ ಹಾಗಿತ್ತು. ಕೆಳಗೆ ಟೈ ಕಟ್ಟಿದ ಅಧಿಕಾರಿ ತುರ್ಗುತ್. ಮೇಲೆ ಬಾಲ್ಕನಿಯಲ್ಲಿ ಅತ್ತೆ. ನಡುವೆ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಬಿಸಿ ಕಾಫಿ.

"ಬಾಗಿಲು ತೆಗೀರಿ ಅಜ್ಜಿ! ನೀವಿಲ್ಲೇ ವಾಸ ಇದೀರಾ ಅಂತ ಒಳಗೆ ಬಂದು ನೋಡ್ಬೇಕು."

"ಮನೇಲಿ ಗಂಡಸರಿಲ್ಲ. ಗುರುತಿಲ್ಲದೋನನ್ನ ಹೇಗಪ್ಪಾ ಬಿಡ್ಲಿ? ಸಂಜೆ ನನ್ನ ಮಗ ಗಸ್ಸಾನ್ ಬರ್ತಾನೆ, ಕಾಯಿ. ಕಾಫಿ ಆರೋಗತ್ತೆ, ಕುಡಿ."

ಅಯ್ಯೋ ನನ್ನ ಹಣೆಬರಹವೇ! ಓಡಿಹೋಗಿ ಬೀಗ ತೆಗೆದೆ. ಒಳಗಿನಿಂದ ಚಿಲಕ.

"ಅತ್ತೆ, ನಾನು ಬಂದಿದೀನಲ್ಲ, ತೆಗೀರಿ!"

"ನೀನ್ಯಾವ ಗಂಡಸು?"

ಬೀದಿ ಗೊಳ್ಳೆಂದಿತು. ತುರ್ಗುತ್ ಮುಖ ಕೆಂಪಾಯಿತು. "ನಂಗೇನು ಬೇರೆ ಕೆಲಸ ಇಲ್ವಾ? ಎಷ್ಟು ಹೊತ್ತು ಕಾಯ್ಲಿ?"

"ನಿಮ್ಮ ಕಚೇರಿ ಬಾಗಿಲಲ್ಲಿ ನಾವು ವರ್ಷಗಟ್ಲೆ ಕಾದಿದೀವಿ ಮಗಾ. ನಮ್ಮ ಬಾಗಿಲಲ್ಲಿ ಒಂದು ಕಾಫಿ ಕುಡಿಯೋಷ್ಟು ಹೊತ್ತು ನಿಂಗೆ ಕಾಯಕ್ಕಾಗಲ್ವಾ?"

ಹೋಯಿತು ಕಾರ್ಡು ಎಂದುಕೊಂಡೆ. ಆತ ಮೆಟ್ಟಿಲ ಮೇಲೆ ಕೂತು, ಕಾಫಿ ಮುಗಿಸಿ, ಫೋನಿನಲ್ಲಿ ಏನೋ ಒತ್ತಿದ.

"ವಾಸ ಇದಾರೆ ಅಂತ ಹಾಕ್ದೆ ತಾಯಿ," ಎಂದ ನನಗೆ. "ಸುಳ್ಳು ವಿಳಾಸದೋರು ಬನ್ನಿ ಬನ್ನಿ ಅಂತ ಕರೆದು ಕೂರಿಸ್ತಾರೆ. ಹೀಗೆ ಬೀದೀಲಿ ನಿಲ್ಸಿ ಬೈಯೋರು ಮನೆ ಯಜಮಾನೀನೇ ಇರ್ಬೇಕು."

ಆತ ಹೋದ ಮೇಲೆ ಚಿಲಕ ಸರಿಯಿತು. ಬಾಗಿಲ ಹಿಂದೆ ಒಂದು ಬಟ್ಟೆ ಗಂಟು.

"ಇದೇನತ್ತೆ?"

"ಓಡಿಸಿದ್ರೆ ಹೊರಡೋಕೆ ಅಂತ," ಎಂದರು ಮುಖ ಅತ್ತ ತಿರುಗಿಸಿ.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗಂಟು ಬಿಚ್ಚಿದೆ. ಬಟ್ಟೆ, ಮಾತ್ರೆ, ಟೀವಿ ರಿಮೋಟು.

"ರಿಮೋಟ್ ಯಾಕೆ?"

"ನಾನಿಲ್ದೆ ನೀನೊಬ್ಳೇ ಕೂತು ಧಾರಾವಾಹಿ ನೋಡ್ತೀಯಾ?"