ಸೊಪ್ಪು ಮುರಿಯುವ ದಿನ ಕೇಳಿದ ಮಿಸ್ಸು

ಮಲ್ಲಿಪಟ್ಟಣದ ಹತ್ತಿರದ ಒಂದು ಹಳ್ಳಿ. ಅಲ್ಲಿ ಪುಸ್ತಕ, ಪೆನ್ನು ಹಿಡಿದು ಯಾರು ಬಂದರೂ ಜನ ಬಾಗಿಲು ಮುಂದೆ ಮಾಡುತ್ತಾರೆ. ಹೊಗೆಸೊಪ್ಪಿನ ಎಲೆ ಮುರಿಯುವ ಕಾಲದಲ್ಲಂತೂ ಕೇಳಲೇಬೇಡಿ. ತಂಬಾಕು ಮಂಡಳಿಯ ಲೈಸೆನ್ಸ್ ಇಲ್ಲದೆ ಸೊಪ್ಪು ಬೆಳೆದವರಿಗೆ ಪೋಸ್ಟ್‌ಮ್ಯಾನ್ ಕಂಡರೂ ಅನುಮಾನ.

ದೇವರಾಜು ಅಂಥವರಲ್ಲೊಬ್ಬ. ಅವನ ಮಗಳು ಮೇಘಶ್ರೀ ಏಳನೇ ತರಗತಿ. ಒಂದು ಸಂಜೆ ಅವಳ ಟೀಚರ್ ದಿವ್ಯಾ ಮನೆಗೇ ಬಂದು ಪುಸ್ತಕ ಬಿಚ್ಚಿದರು.

"ನೀವು ಸೊಪ್ಪು ಮುರಿಯೋದು ಯಾವ ದಿನ?"

"ನಾವು ಸೊಪ್ಪೇ ಬೆಳ್ಯಾಕಿಲ್ಲ ಮಿಸ್," ಅಂದ ದೇವರಾಜು. ಅವನ ಬೆನ್ನ ಹಿಂದೆ ಜಗುಲಿಯ ತುಂಬ ಸೊಪ್ಪು ಬಿದ್ದಿತ್ತು. ದಿವ್ಯಾ ಇನ್ನೇನೋ ಹೇಳಹೊರಟರು. ಅವನು ಎಮ್ಮೆ ಹಿಡಿದುಕೊಂಡು ಹೊರಟೇಬಿಟ್ಟ.

ಮಾರನೆಯ ದಿನದಿಂದ ಮೇಘಶ್ರೀಯನ್ನು ಶಾಲೆಗೆ ಕಳಿಸಲಿಲ್ಲ. ಹುಡುಗಿ ಬಾಯಿ ಬಿಟ್ಟರೆ ಎಂಬ ಭಯ. "ಇಸ್ಕೂಲ್ ಬ್ಯಾಡ, ಮನೇಲೇ ಸೊಪ್ಪು ಕಟ್ಕೊಂಡಿರ್ಲಿ," ಅಂದಳು ಅವನ ತಾಯಿ ಸುಬ್ಬಮ್ಮ.

ಐದನೆಯ ದಿನ ಪಕ್ಕದ ಮನೆಯ ಕಮಲಾಕ್ಷಮ್ಮ ಬಂದಳು. ಶಾಲಾ ಸಮಿತಿಯಲ್ಲಿ ಅವಳೂ ಒಬ್ಬ ಸದಸ್ಯೆ.

"ಆ ಬುಕ್ಕು ಬರ್ಯಾಕೆ ಯೋಳಿದ್ದು ನಾವೇ ಕಣಣ್ಣ. ಸೊಪ್ಪು ಮುರಿಯೋ ದಿನ ಮಕ್ಳು ಇಸ್ಕೂಲಿಗೆ ಬರಾಕಿಲ್ಲ. ಯಾರ ಮನೇಲಿ ಯಾವತ್ತು ಅಂತ ಗೊತ್ತಾದ್ರೆ, ದಿನ ಬ್ಯಾರೆ ಬ್ಯಾರೆ ಮಾಡ್ಕೊಂಡು ದೊಡ್ಡೋರೇ ಮುಯ್ಯಾಳಾಗಿ ಓಗ್ಬೋದು. ಇವತ್ತು ನಾವು ನಿಮ್ಮನೇಗೆ, ನಾಳೆ ನೀವು ನಮ್ಮನೇಗೆ."

ಸುಬ್ಬಮ್ಮ ಎಲೆಯಡಿಕೆ ಉಗಿದಳು. "ಅರಕಲಗೂಡಿಂದ ಬಸ್ ಅತ್ಕೊಂಡು ಬರೋ ಮಿಸ್ಸಿಗೆ ನಮ್ಮನೆ ಸೊಪ್ಪಿನ ಚಿಂತೆ ಯಾಕವ್ವ? ಅವ್ರಿಗೇನ್ ಸಿಗ್ತದೆ?"

"ಅದ್ನ ಅವ್ರನ್ನೇ ಕೇಳಿ. ಬುಕ್ಕೂ ತೆಗ್ಸಿ ನೋಡಿ."

ದೇವರಾಜು ಶಾಲೆಗೆ ಹೋದ, ಜಗಳಕ್ಕೆಂದೇ. ದಿವ್ಯಾ ಪುಸ್ತಕ ಮುಂದಿಟ್ಟರು. ಅವನು ಬೆರಳಿಟ್ಟು ಪುಟಪುಟವೂ ಹುಡುಕಿದ. ಸೊಪ್ಪಿನ ಲೆಕ್ಕ ಎಲ್ಲೂ ಇರಲಿಲ್ಲ, ಬರೀ ಮಕ್ಕಳ ಹೆಸರು. ಮಗಳ ಹೆಸರಿನ ಮುಂದೆ ಹೀಗಿತ್ತು: ಸೋಮವಾರ ಗೈರುಹಾಜರಿ. ಮಂಗಳವಾರ ತಲೆಸುತ್ತು, ವಾಂತಿ. ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ.

"ಹಸಿ ಸೊಪ್ಪಿನ ನಂಜು ಚರ್ಮದಿಂದಲೇ ಮೈಗೆ ಇಳಿಯುತ್ತೆ. ಮಕ್ಕಳು ತಡ್ಕೊಳಲ್ಲ," ಅಂದರು ದಿವ್ಯಾ. "ಮನೇಲಿ ಹೇಳ್ತೀನಿ ಅಂದ್ರೆ, ಬೇಡ ಮಿಸ್, ಅಪ್ಪಂಗೆ ಆಳು ಸಿಗಲ್ಲ ಅಂತ ಮೇಘಶ್ರೀ ಕೈ ಮುಗಿದಳು. ಅದಕ್ಕೇ ದಿನ ಕೇಳೋಕೆ ಬಂದಿದ್ದೆ."

ದೇವರಾಜುವಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಈ ಐದು ದಿನವೂ ಮಗಳು ಸೊಪ್ಪಿನ ನಡುವೆಯೇ ಕೂತಿದ್ದಳು. ಎರಡು ದಿನದಿಂದ ಮುದ್ದೆ ಮುಟ್ಟಿರಲಿಲ್ಲ. ಶಾಲೆ ಬಿಡಿಸಿದ್ದಕ್ಕೆ ಮುನಿಸು ಅಂದುಕೊಂಡಿದ್ದ.

"ನಾವು ಸೊಪ್ಪು ಮುರಿಯೋದು ಸೋಮ್ವಾರ ಅಂತ ಬರ್ಕೊಳಿ ಮಿಸ್," ಅಂದ. "ಮುಯ್ಯಾಳಿಗೆ ನಾನೂ ನಮ್ಮವ್ವನೂ ಬತ್ತೀವಿ. ಮಗಳು ನಾಳಿಂದ ಇಸ್ಕೂಲಿಗೆ ಬತ್ತಾಳೆ."

ಓದುಗರೇ, ಅನುಮಾನ ಪಡುವುದು ತಪ್ಪಲ್ಲ, ನಾನೂ ಪಡುತ್ತೇನೆ. ಆದರೆ ಮನೆಯಲ್ಲಿ ಕೂತು ಪಡಬೇಡಿ. ಪೋಷಕರ ಸಭೆಗೆ ಹೋಗಿ, ಪುಸ್ತಕ ತೆಗೆಸಿ, ಎದುರಿಗೇ ಕೇಳಿ. ನಿಮ್ಮ ಮಗು ನಿಮ್ಮಿಂದ ಬಚ್ಚಿಟ್ಟ ಮಾತು ಅಲ್ಲಿ ಇದ್ದರೂ ಇರಬಹುದು.