ಸಾವಿರನೆಯ ಟ್ರಿಪ್ಪು

ಸಾವಿರಕ್ಕೆ ಒಂದೇ ಒಂದು ಟ್ರಿಪ್ಪು ಬಾಕಿ ಇದ್ದಾಗ ಡ್ರೈವರು ಸ್ವಂತ ಮನೆಯ ಮೆಟ್ಟಿಲ ಮೇಲೆ ಜಾರಿಬಿದ್ದು ಮಂಡಿ ಮುರಿದುಕೊಂಡರು.

ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಅವರು ಮೂರು ವರ್ಷದಿಂದ ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿ ಬಸ್ಸಿನ ಆಟ ಆಡುತ್ತಿದ್ದರು. ಆಡುತ್ತಿದ್ದರು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಓಡಿಸುತ್ತಿದ್ದರು. ದಿನಕ್ಕೊಂದು ಟ್ರಿಪ್ಪು, ಅದೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಎಲ್ಲಿಯೂ ತಾಗಿಸದೆ ಸಾವಿರ ಟ್ರಿಪ್ಪು ಮುಗಿಸಿದರೆ ಬಸ್ಸಿನ ಹಣೆಗೆ ಚಿನ್ನದ ಪಟ್ಟಿ ಸಿಗುತ್ತಿತ್ತು. ಒಂದು ಗೀರು ಬಿದ್ದರೂ, ಮೂವತ್ತು ದಿನ ಬಸ್ಸು ತೆಗೆಯದೆ ಇದ್ದರೂ ಲೆಕ್ಕ ಮತ್ತೆ ಸೊನ್ನೆಗೆ. ಒಂಬೈನೂರ ತೊಂಬತ್ತೊಂಬತ್ತನೆಯದನ್ನು ಮುಗಿಸಿದ ಸುದ್ದಿಯನ್ನು ಹೆಂಡತಿಗೆ ಹೇಳಲು ಓಡಿಬಂದದ್ದೇ ಬೀಳಲು ಕಾರಣ. ಬಸ್ಸಿನಲ್ಲಿ ಗಂಟೆಗೆ ಮೂವತ್ತು ಮೀರದ ಮನುಷ್ಯ, ಮೆಟ್ಟಿಲ ಮೇಲೆ ಮೀರಿದರು.

ಆ ಪಟ್ಟಿಯ ಮೇಲೆ ಅವರು ಜೀವ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ನಿಜವಾದ ನೌಕರಿಯ ಕೊನೆಯ ವಾರ ಡಿಪೋ ಗೇಟಿನ ಕಂಬಕ್ಕೆ ಬಸ್ಸು ಉಜ್ಜಿ, ಕಳಂಕವಿಲ್ಲದ ಸೇವೆಯ ಪದಕ ಕೈತಪ್ಪಿತ್ತು. ಆ ಬಸ್ಸಿನ ಕಂಡಕ್ಟರು ಬೇರೆ ಯಾರೂ ಅಲ್ಲ, ಹೆಂಡತಿಯೇ. ಕಂಡಕ್ಟರು ರೈಟ್ ಅನ್ನದೆ ಬಸ್ಸು ಅಲುಗಬಾರದು ಎನ್ನುವುದು ಆ ಕಸುಬಿನ ಮೊದಲ ಪಾಠ. ‘ನೀನು ರೈಟ್ ಅಂದೆ, ನಾನು ಹೊರಟೆ’ ಎಂದು ಅವರು. ‘ನಾನು ಬಾಯೇ ಬಿಟ್ಟಿರಲಿಲ್ಲ’ ಎಂದು ಈಕೆ. ಈ ಜಗಳಕ್ಕೆ ಈಗ ಒಂಬತ್ತು ವರ್ಷ. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ಅದು ಬರುತ್ತಿತ್ತು.

ಬಿದ್ದು ಇಂದಿಗೆ ಮೂವತ್ತನೆಯ ದಿನ, ಬಸ್ಸು ತೆಗೆಯಲು ಕೊನೆಯ ದಿನ. ಮಹಡಿ ಹತ್ತಿದರೆ ಜೋಕೆ ಎಂದು ಡಾಕ್ಟರು ಎಚ್ಚರಿಸಿದ್ದರು. ಡ್ರೈವರು ಕೆಳಗಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನೋಡಲಾರದೆ ಮಗಳು ಕಂಪ್ಯೂಟರನ್ನು ಕೆಳಗೆ ತರಲು ಹೊರಟಳು. ಅದರ ತೂಕ ನೋಡಿ ಮನಸ್ಸು ಬದಲಿಸಿ, ಆಟವನ್ನಷ್ಟೇ ಕೆಳಗೆ ತರುತ್ತೇನೆ ಎಂದಳು.

“ಕಂಪ್ಯೂಟರು ಮೇಲೇ ಇರುತ್ತೆ, ಚಿತ್ರ ವೈಫೈನಲ್ಲಿ ಕೆಳಗಿನ ಟಿವಿಗೆ ಬರುತ್ತೆ ಅಪ್ಪ. ನೀನು ಇಲ್ಲಿಂದಲೇ ಓಡಿಸ್ಬಹುದು.”

“ಎಂಜಿನ್ನು ಮಹಡೀಲಿ, ಸ್ಟೇರಿಂಗು ಹಾಸಿಗೇಲಿ. ನಿನಗೆ ಇದೆಲ್ಲ ಬರುತ್ತಾ?”

“ನಾನು ಹಲ್ಲಿನ ಡಾಕ್ಟ್ರಪ್ಪ. ಬೇರು ಎಲ್ಲಿದೆ ಅಂತ ಹುಡುಕೋದೇ ನನ್ನ ಕೆಲಸ.”

ಬೇರು ಬೇಗ ಸಿಗಲಿಲ್ಲ. ಮೇಲಿನ ಕಂಪ್ಯೂಟರಿಗೊಂದು ಪ್ರೋಗ್ರಾಮು, ಟಿವಿಗೊಂದು ಆ್ಯಪು ಹಾಕಿದಳು. ಎರಡೂ ಒಂದರ ಗುರುತು ಇನ್ನೊಂದು ಹಿಡಿಯಲು ಟಿವಿಯಲ್ಲಿ ಕಾಣುವ ನಾಲ್ಕು ಅಂಕಿಯನ್ನು ಮೇಲೆ ಒತ್ತಬೇಕಿತ್ತು. ಕೆಳಗಿನಿಂದ ಅಮ್ಮ ಅಂಕಿ ಕೂಗಿದಳು. ಪ್ರತಿ ಅಂಕಿಯನ್ನೂ ಎರಡೆರಡು ಸಲ, ಟಿಕೆಟ್ ನಂಬರು ಓದುವಂತೆ, ನಿಧಾನವಾಗಿ. ಮೂರನೆಯ ಅಂಕಿಗೆ ಬರುವಷ್ಟರಲ್ಲಿ ಟಿವಿ ಬೇಸತ್ತು ಹೊಸ ಸಂಖ್ಯೆ ತೋರಿಸುತ್ತಿತ್ತು. ಐದನೆಯ ಸಲಕ್ಕೆ ಕೂಡಿಬಂತು.

ಕೆಳಗೆ ಟಿವಿಯಲ್ಲಿ ಬಸ್ಸು ಕಾಣಿಸಿತು. ಡ್ರೈವರು ಎದ್ದು ಕುಳಿತು ಅಂಗಿಯ ಗುಂಡಿ ಹಾಕಿಕೊಂಡರು. ಅಂಗೈಯಗಲದ ಆಟದ ಹಿಡಿಕೆಯನ್ನು ತಾತ್ಸಾರದಿಂದ ನೋಡಿ ಎಂಜಿನ್ ಚಾಲೂ ಮಾಡಿದರು. ಅಷ್ಟರಲ್ಲಿ ಟಿವಿ ಕಪ್ಪಾಯಿತು.

ಮಗಳು ವೈಫೈ ಡಬ್ಬಿಯನ್ನು ಬೈದಳು, ಟಿವಿಯನ್ನು ಬೈದಳು. ಮೇಲೆ ಹೋಗಿ ನೋಡಿದರೆ ಕಂಪ್ಯೂಟರಿನ ಗೋಡೆಯ ಸ್ವಿಚ್ಚೇ ಆರಿತ್ತು. ಕೋಣೆಯನ್ನೊಮ್ಮೆ ನೋಡಲು ಹತ್ತಿದ್ದ ಅಮ್ಮ ಇಳಿಯುವಾಗ ಆರಿಸಿ ಬಂದಿದ್ದಳು.

“ಕೊನೆಗೆ ಇಳಿಯೋ ಕಂಡಕ್ಟರು ದೀಪ ಆರಿಸ್ಬೇಕು. ಖಾಲಿ ಬಸ್ಸಿಗೆ ಯಾಕೆ ಕರೆಂಟು?”

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಡಿಪೋದಲ್ಲಿ ಕಲಿತದ್ದೂ ಹಾಗೇ. ಪುಣ್ಯಕ್ಕೆ ಬಸ್ಸು ಇನ್ನೂ ಹೊರಟಿರಲಿಲ್ಲ, ಲೆಕ್ಕ ಉಳಿಯಿತು. ಶಿಕ್ಷೆಯಾಗಿ ಅಮ್ಮನನ್ನು ಮೇಲಿನ ಕೋಣೆಯಲ್ಲೇ ಸ್ವಿಚ್ಚು ಕಾಯಲು ಕೂರಿಸಿದರು.

ಮೊದಲು ಲೆಕ್ಕಕ್ಕೆ ಸೇರದ ಅಭ್ಯಾಸದ ಓಟ. ಬ್ರೇಕ್ ಒತ್ತಿ ಅರ್ಧ ಸೆಕೆಂಡು ಆದ ಮೇಲೆ ಬಸ್ಸು ನಿಲ್ಲುತ್ತಿತ್ತು. ಡ್ರೈವರು ದೀಪದ ಕಂಬವೊಂದನ್ನು ಬುಡಸಮೇತ ಕಿತ್ತರು. ಉದ್ದದ ತಂತಿ ಎಳೆದರೆ ವೈಫೈಯ ಈ ತಡ ಹೋಗುತ್ತದೆ, ಆದರೆ ಭಾನುವಾರ, ಅಂಗಡಿ ಮುಚ್ಚಿದೆ ಎಂದಳು ಮಗಳು. ಡ್ರೈವರ ಮುಖ ಬಾಡಿತು. ಅವರಿಗೆ ಅಳುವೇ ಬಂದಂತಾಯಿತು. ಸುಮ್ಮನೆ ಇನ್ನೊಂದು ಬೀದಿ ಓಡಿಸುತ್ತಿದ್ದಾಗ ಮೇಲಿನಿಂದ ಗಂಟಲು ಮೊಳಗಿತು.

“ಹೋಲ್ಡಾನ್!”

ಯೋಚಿಸುವ ಮೊದಲೇ ಬೆರಳು ಬ್ರೇಕ್ ಒತ್ತಿತು. ಆಮೇಲೆ ಟಿವಿಯಲ್ಲಿ ಬೈಕೊಂದು ಅಡ್ಡ ಬಂದು ದಾಟಿಹೋಯಿತು.

ಮಗಳಿಗೆ ಹೊಳೆಯಿತು. ಮೇಲಿನ ಪರದೆಯಲ್ಲಿ ಎಲ್ಲ ಮೊದಲು ಕಾಣುತ್ತದೆ, ಅಮ್ಮನ ಕೂಗಿಗೆ ವೈಫೈ ಬೇಕಾಗಿಲ್ಲ.

ಹೀಗೆ ಸಾವಿರನೆಯ ಟ್ರಿಪ್ಪು ಹೊರಟಿತು. ಮೇಲಿನಿಂದ “ಬರ್ಲಿ, ಬರ್ಲಿ”, “ಎಡಕ್ಕೆ”, “ಹೋಲ್ಡಾನ್”, ಪ್ರತಿ ಸ್ಟಾಪಿನಲ್ಲೂ “ರೈಟ್”. ಡ್ರೈವರು ಟಿವಿಯನ್ನು ಅರ್ಧ ನೋಡಿದರು, ಮೆಟ್ಟಿಲ ಕಡೆಗೆ ಪೂರ್ತಿ ಕಿವಿಗೊಟ್ಟರು. ಇಪ್ಪತ್ತಮೂರು ಸ್ಟಾಪು ದಾಟಿ ಬಸ್ಸು ಡಿಪೋ ಗೇಟಿನ ಮುಂದೆ ನಿಂತಿತು. ಎರಡು ಕಂಬ, ನಡುವೆ ಬಸ್ಸು ತೂರುವಷ್ಟೇ ಜಾಗ. ಆಟದ ವೇಳಾಪಟ್ಟಿಯಂತೆ ಒಳಗೆ ಸೇರಲು ಉಳಿದದ್ದು ಎರಡು ನಿಮಿಷ, ತಪ್ಪಿದರೆ ಟ್ರಿಪ್ಪು ಲೆಕ್ಕಕ್ಕಿಲ್ಲ.

ಮೇಲಿನಿಂದ ಸದ್ದಿಲ್ಲ.

“ರೈಟ್ ಹೇಳೇ.”

ಸದ್ದಿಲ್ಲ.

“ದಾರಿ ಖಾಲಿ ಇದೆ, ಹೋಗಪ್ಪ” ಎಂದಳು ಮಗಳು.

“ರೈಟ್ ಆಗಿಲ್ಲ” ಎಂದರು ಡ್ರೈವರು. ಅವರ ಬೆರಳು ಅಲುಗಲಿಲ್ಲ.

ಆಗ ಮೇಲಿನಿಂದ ಶಾಂತವಾದ ದನಿ ಬಂತು. “ರೀ, ಅವತ್ತು ಡಿಪೋ ಗೇಟಲ್ಲಿ ನಾನು ರೈಟ್ ಅಂದಿದ್ನಾ?”

ತನ್ನ ಜುಟ್ಟು ಅವಳ ಕೈಗೆ ಸಿಕ್ಕಿದೆ ಎಂದು ಅವರಿಗೆ ಅರ್ಥವಾಯಿತು. ಒಂದು ನಿಮಿಷ ಉಳಿಯಿತು. ಮಗಳು ಉಗುರು ಕಚ್ಚಿದಳು.

“ಅಂದಿರ್ಲಿಲ್ಲ” ಎಂದರು ಡ್ರೈವರು, ಟಿವಿಗೆ.

“ಕೇಳಿಸ್ಲಿಲ್ಲ.”

“ನೀನು ಅಂದಿರ್ಲಿಲ್ಲ ಕಣೇ” ಎಂದು ಮೆಟ್ಟಿಲ ಕಡೆ ತಿರುಗಿ ಕೂಗಿದರು. “ನನಗೆ ಅವಸರ ಇತ್ತು. ತಪ್ಪು ನನ್ನದೇ.”

ಹಾಗೆಂದ ಮೇಲೆ ಎದೆಯ ಮೇಲಿನ ಭಾರ ಇಳಿದಂತೆ ಅನಿಸಿ ಅವರಿಗೇ ಆಶ್ಚರ್ಯವಾಯಿತು. ಮೇಲಿನಿಂದ ಮೂಗು ಏರಿಸಿದ ಸದ್ದು.

“ರೈಟ್.”

“ಬರ್ಲಿ, ಇನ್ನೂ ಬರ್ಲಿ, ಬಲಕ್ಕೆ ಒಂದು ಗೇಣು” ಎನ್ನುತ್ತಾ ಆಕೆ ಬಸ್ಸನ್ನು ಕಂಬಗಳ ನಡುವೆ ಕರೆದುಕೊಂಡು ಹೋದಳು. ಗೀರು ಬೀಳಲಿಲ್ಲ. ಟಿವಿಯಲ್ಲಿ ‘ಸಾವಿರ’ ಎಂದು ದೊಡ್ಡದಾಗಿ ಮೂಡಿತು. ಬಸ್ಸಿನ ಹಣೆಗೆ ಚಿನ್ನದ ಪಟ್ಟಿ ಇಳಿಯತೊಡಗಿತು. ಅದು ಪೂರ್ತಿ ಇಳಿಯುವ ಮೊದಲೇ ಟಿವಿ ಕಪ್ಪಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು.

“ಅಮ್ಮ, ಮತ್ತೆ ಸ್ವಿಚ್ಚು!” ಮಗಳು ತಲೆ ಹಿಡಿದುಕೊಂಡಳು. “ಪಟ್ಟಿ ಉಳೀತೋ ಹೋಯ್ತೋ ಗೊತ್ತಾಗೋದು ಹೇಗೆ?”

ಡ್ರೈವರು ಹಿಡಿಕೆಯನ್ನು ಕೆಳಗಿಟ್ಟು, ಇಳಿದು ಬರುವವಳಿಗೆ ಹಾಸಿಗೆಯ ಮೇಲೆ ಜಾಗ ಮಾಡಿದರು.

“ಬೈಬೇಡ ಅವಳನ್ನ. ಬಸ್ಸು ಖಾಲಿಯಾಯ್ತಲ್ಲ, ದೀಪ ಆರಿಸ್ಲೇಬೇಕು.”